ಸೋಲಾಕ ಪಗಾರ!

ಪರದೆಯ ಮೇಲೆ ಹೀರೋ ಒಂದು ಗುದ್ದು ಕೊಡುತ್ತಾನೆ. ನಾಲ್ಕು ಮಂದಿ ಗಾಳಿಯಲ್ಲಿ ತೇಲಿಹೋಗಿ ತರಕಾರಿ ಗಾಡಿಯ ಮೇಲೆ ದೊಪ್ಪನೆ ಬೀಳುತ್ತಾರೆ. ನಾವು ಸೀಟಿ ಹೊಡೆಯುತ್ತೇವೆ, ಚಿಲ್ಲರೆ ಎರಚುತ್ತೇವೆ. ಸರಿ, ಸಂತೋಷ. ಆದರೆ ಬಿದ್ದ ಆ ನಾಲ್ವರ ಹೆಸರೇನು? ಒಂದನ್ನಾದರೂ ಹೇಳಿ ನೋಡೋಣ!

ಗೊತ್ತಿಲ್ಲ, ಅಲ್ಲವೇ? ಟೈಗರ್ ಪ್ರಭಾಕರ್ ಗೊತ್ತು. ಏಕೆಂದರೆ ಅವರು ಫೈಟರ್ ಆಗಿ ಏಟು ತಿಂದು, ವಿಲನ್ ಆಗಿ ಏಟು ತಿಂದು, ಕೊನೆಗೆ ಹೀರೋ ಆಗಿ ಎದ್ದು ನಿಂತರು. ಉಳಿದವರಿಗೆ ಬೀಳುವುದೇ ಕಸುಬು. ಚೆನ್ನಾಗಿ ಬಿದ್ದರೆ ಸಂಜೆಗೆ ಕೂಲಿ. ಹೀರೋಗಿಂತ ಗಟ್ಟಿ ಆಳಾಗಿದ್ದರೂ ಬೀಳಲೇಬೇಕು. ಕ್ಯಾಮರಾ ಮುಂದೆ ನಿಜ ತೋರಿಸಿದರೆ ನಾಳೆ ಕೆಲಸವಿಲ್ಲ.

ಓದುಗ ಮಿತ್ರರೇ, ಈ ಬೀಳುವ ಕಸುಬನ್ನು ನಾನೂ ಮೂರು ವರ್ಷ ಮಾಡಿದ್ದೇನೆ. ಸಿನಿಮಾದಲ್ಲಲ್ಲ, ಸ್ಕ್ವಾಷ್‌ನಲ್ಲಿ. ನೀರಿಗೆ ಬೆರೆಸಿ ಕುಡಿಯುವ ಕಿತ್ತಳೆ ಬಣ್ಣದ ಬಾಟ್ಲಿ ಅಲ್ಲ ಮಹಾರಾಯರೇ, ಇದು ಆಟ! ನಾಲ್ಕು ಗೋಡೆಯ ನಡುವೆ ಇಬ್ಬರೇ ಇಬ್ಬರು, ಕೈಯಲ್ಲಿ ರ‍್ಯಾಕೆಟ್, ಒಂದು ಪುಟ್ಟ ಕರಿ ರಬ್ಬರ್ ಚೆಂಡು. ಅಥಣಿಯ ಹುಡುಗ ಅಲ್ಲಿಗೆ ಹೇಗೆ ಹೋದ ಅಂತೀರಾ? ಅದೂ ಸಿನಿಮಾದ ಕೃಪೆಯೇ!

ನಮ್ಮದು ಚಪ್ಪಲಿ ಹೊಲಿಯುವ ಮನೆತನ. ಜಗತ್ತೆಲ್ಲ ಕೊಲ್ಹಾಪುರಿ ಎಂದು ಮೆಚ್ಚಿ ಮೆಟ್ಟುವ ಚಪ್ಪಲಿಗಳಲ್ಲಿ ಎಷ್ಟೋ ಜೋಡಿ ಅಥಣಿಯ ಓಣಿಗಳಲ್ಲಿ ಹುಟ್ಟಿದವು. 2019ರಲ್ಲಿ ಕೊಲ್ಹಾಪುರಿಗೆ ಜಿ.ಐ. ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿಯೂ ಪಟ್ಟಿಯಲ್ಲಿ ಸೇರಿತು. ಅಲ್ಲಿಯತನಕ ಹೆಸರು ಕೊಲ್ಹಾಪುರದ್ದು, ಬೆವರು ಅಥಣಿಯದು! ಬೆವರು ಒಬ್ಬರದು, ಹೆಸರು ಇನ್ನೊಬ್ಬರದು ಎಂಬ ಪಾಠ ನನಗೆ ಮನೆಯಲ್ಲೇ ಆಗಿತ್ತು ಅನ್ನಿ.

ಹದಿನೇಳರ ಹರೆಯ. ತಲೆಯ ತುಂಬ ಶಂಕರ್‌ನಾಗ್. 1978ರ ‘ಒಂದಾನೊಂದು ಕಾಲದಲ್ಲಿ’ ನೋಡಿದ್ದೀರಲ್ಲ? ಗಿರೀಶ್ ಕಾರ್ನಾಡರ ಚಿತ್ರ. ದುಡ್ಡು ಕೊಟ್ಟವರ ಪರವಾಗಿ ಕತ್ತಿ ಹಿಡಿಯುವ ಕೂಲಿ ಬಂಟನ ಪಾತ್ರ ಶಂಕರ್‌ನಾಗ್ ಅವರದು. ನಮ್ಮೂರಿಗೆ ಅದು ತಡವಾಗಿ ಬಂತು. ಬಂದಾಗ ಮೂರು ದಿನ ಮೂರು ಆಟ ನೋಡಿದೆ. 1984ರಲ್ಲಿ ಒಂದು ರಾತ್ರಿ ಕುಡಚಿ ಸ್ಟೇಶನ್ನಿಗೆ ಹೋಗಿ ಬೆಂಗಳೂರಿನ ರೈಲು ಹತ್ತಿಯೇಬಿಟ್ಟೆ. ಅಪ್ಪ ತಡೆಯಲಿಲ್ಲ. ಚರ್ಮ ಹೊಲಿಯುವ ಆರಿ ಮತ್ತು ದಾರದ ಗಂಟು ಚೀಲದಾಗ ಹಾಕಿ, “ತಮ್ಮಾ, ಸಿನಿಮಾದವ್ರು ಕೈ ಬಿಟ್ರೂ ಇದು ಕೈ ಬಿಡಾಂಗಿಲ್ಲ, ತಗೋ” ಅಂದ.

ಅಪ್ಪನ ಮಾತು ನಿಜವಾಯಿತು. ಸ್ಟುಡಿಯೋ ಗೇಟಿನ ಹೊರಗೆ ಎರಡು ತಿಂಗಳು ನಿಂತೆ. ಒಳಗೆ ಬಿಟ್ಟವರಿಲ್ಲ. ಹೊಟ್ಟೆ ಕೇಳಬೇಕಲ್ಲ? ಒಂದು ದೊಡ್ಡ ಕ್ಲಬ್ಬಿನ ಕಾಂಪೌಂಡಿನ ಹೊರಗೆ ಮರದ ಕೆಳಗೆ ಕೂತು ಬೂಟು ಹೊಲಿಯಲು ಶುರುಮಾಡಿದೆ. ಒಂದು ದಿನ ಒಳಗಿನಿಂದ ಒಬ್ಬ ಮುದುಕ ಬಂದು, “ಏಯ್ ಹುಡುಗಾ, ಈ ಶೂಗೆ ಬಿಳಿ ಸೋಲ್ ಹಾಕ್ತೀಯೇನೋ? ಕಪ್ಪು ಸೋಲ್ ಆದ್ರೆ ಕೋರ್ಟ್ ತುಂಬ ಗೀರು ಬೀಳುತ್ತೆ” ಎಂದ. ಹಾಕಿಕೊಟ್ಟೆ. ಮರುದಿನ ಐದು ಜೋಡಿ ಬಂತು. ಮರುತಿಂಗಳು ಕೋರ್ಟ್ ಒರೆಸುವ ಕೆಲಸ ಸಿಕ್ಕಿತು. 1985ರ ಮಾತಿದು.

ಆ ಮುದುಕ ಅಲ್ಲಿಯ ಹಿರಿಯ ಮಾರ್ಕರ್. ಮಾರ್ಕರ್ ಅಂದರೆ ಕ್ಲಬ್ಬಿನ ಆಟದ ಆಳು. ಕೋರ್ಟ್ ಗುಡಿಸಬೇಕು, ಯಾರು ಎಷ್ಟು ಗಂಟೆಗೆ ಆಡುತ್ತಾರೆಂದು ಪುಸ್ತಕದಲ್ಲಿ ಬರೆಯಬೇಕು, ರ‍್ಯಾಕೆಟ್ಟಿಗೆ ತಂತಿ ಕಟ್ಟಬೇಕು, ಸ್ಕೋರು ಕೂಗಬೇಕು. ಸಾಹೇಬರ ಜೊತೆಗಾರ ಬರದಿದ್ದರೆ ಎದುರಿಗೆ ನಿಂತು ಆಡಲೂ ಬೇಕು. ಸಂಬಳಕ್ಕೆ ಆಡುವವನಾದ್ದರಿಂದ ಅವನೇ ‘ಪ್ರೊಫೆಷನಲ್’. ದುಡ್ಡು ಮುಟ್ಟದೆ ಶೋಕಿಗಾಗಿ ಆಡುವ ಸಾಹೇಬರು ‘ಅಮೆಚೂರ್’. ಇಂದು ಪ್ರೊಫೆಷನಲ್ ಅಂದರೆ ಎದೆಯುಬ್ಬುತ್ತದೆ. ಆಗ ಅದು ಹಿಂಬಾಗಿಲಿನಿಂದ ಬರುವವನ ಹೆಸರು!

ಆಟ ಏನು, ಎಂಥದು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಕೋರ್ಟಿನ ಉದ್ದ 32 ಅಡಿ, ಅಗಲ 21 ಅಡಿ. ಎದುರಾಳಿ ನೆಟ್ಟಿನ ಆಚೆ ಇರುವುದಿಲ್ಲ, ನಿಮ್ಮ ಪಕ್ಕದಲ್ಲೇ, ನಿಮ್ಮ ಉಸಿರು ತಾಗುವಷ್ಟು ಹತ್ತಿರ ಇರುತ್ತಾನೆ. ಇಬ್ಬರೂ ಮುಂದಿನ ಗೋಡೆಗೇ ಹೊಡೆಯಬೇಕು. ಗೋಡೆಯ ಬುಡದಲ್ಲಿ ತಗಡಿನ ಪಟ್ಟಿ. ಚೆಂಡು ಅದಕ್ಕೆ ತಾಗಿ ‘ಟಣ್’ ಅಂದರೆ ಪಾಯಿಂಟು ಹೋಯಿತು! ಎರಡನೇ ಪುಟಿತ ಆಗುವ ಮೊದಲು ಚೆಂಡನ್ನು ತಲುಪಬೇಕು. ನೆಲದ ಮೇಲೆ ಗೆರೆಗಳು ಇಂಗ್ಲಿಷಿನ ‘ಟಿ’ ಅಕ್ಷರದಂತೆ ಕೂಡುವ ಜಾಗವಿದೆ. ಅದನ್ನು ಹಿಡಿದವನು ರಾಜ, ಉಳಿದವನು ಮೂಲೆಯಿಂದ ಮೂಲೆಗೆ ಓಡುವ ಆಳು. ಇನ್ನೊಂದು ತಮಾಷೆ ಕೇಳಿ. ತಣ್ಣಗಿನ ಚೆಂಡು ಸತ್ತ ಇಲಿಯಂತೆ ಬಿದ್ದಿರುತ್ತದೆ. ಹೊಡೆದು ಹೊಡೆದು ಬಿಸಿ ಮಾಡಿದ ಮೇಲೇ ಅದಕ್ಕೆ ಜೀವ ಬರುವುದು.

ಈ ಆಟದ ಅಜ್ಜನಂಥ ರ‍್ಯಾಕೆಟ್ಸ್ ಎಂಬ ಆಟವನ್ನು ಲಂಡನ್ನಿನ ಜೈಲುಗಳಲ್ಲಿ ಸಾಲ ತೀರಿಸಲಾಗದ ಕೈದಿಗಳು ಗೋಡೆಗೆ ಚೆಂಡು ಹೊಡೆದು ಆಡುತ್ತಿದ್ದರಂತೆ. ಸಾಲಗಾರರ ಆಟ ಸಾಹುಕಾರರ ಶಾಲೆಗೆ ಹೋಗಿ, ಹ್ಯಾರೋ ಶಾಲೆಯಲ್ಲಿ ಸ್ಕ್ವಾಷ್ ಆಗಿ, ದಂಡಿನ ಸಾಹೇಬರ ಜೊತೆ ಹಡಗು ಹತ್ತಿ ನಮ್ಮ ದೇಶದ ಕ್ಲಬ್ಬುಗಳಿಗೆ ಬಂತು.

ಹಿರಿಯ ಮಾರ್ಕರ್ ನನಗೆ ಕಲಿಸಿದ ಮೊದಲ ವಿದ್ಯೆ ಹೊಡೆಯುವುದಲ್ಲ, ಸೋಲುವುದು!

“ನೋಡಪ್ಪಾ, ಸಾಹೇಬ್ರು ಬೆವರಬೇಕು, ಏದುಸಿರು ಬಿಡಬಾರದು. ಗೆಲ್ಲಬೇಕು, ಆದ್ರೆ ನೀನು ಬಿಟ್ಕೊಟ್ಟೆ ಅಂತ ಗೊತ್ತಾಗಬಾರದು. 9-7ಕ್ಕೆ ಗೆದ್ರೆ ಅವರಿಗೆ ಪರಮಾನಂದ. ಚೆಂಡು ಅವರಿಂದ ಎರಡು ಹೆಜ್ಜೆ ದೂರ ಹಾಕು, ಮೂರು ಹೆಜ್ಜೆ ಬೇಡ.”

ಸುಲಭ ಅಂದುಕೊಂಡಿರಾ? ಗೆಲ್ಲುವುದಕ್ಕಿಂತ ಕಷ್ಟ ಸ್ವಾಮೀ! ಎದುರಾಳಿಯ ಕಾಲಿನ ಶಕ್ತಿ ಎಷ್ಟು, ಯಾವ ಮೂಲೆಯಲ್ಲಿ ಕೈ ನಡುಗುತ್ತದೆ, ಎಲ್ಲ ಅಳೆದಿರಬೇಕು. ಅಪ್ಪನ ಹತ್ತಿರ ಪಾದದ ಅಳತೆ ತೆಗೆಯುವುದು ಕಲಿತವನಿಗೆ ಕಾಲು ನೋಡಿದರೆ ಮನುಷ್ಯ ಗೊತ್ತಾಗುತ್ತಿದ್ದ. ಒಂದೇ ವರ್ಷದಲ್ಲಿ ನಾನು ಒಳ್ಳೆಯ ಸೋಲುಗಾರ ಎಂದು ಹೆಸರಾದೆ. ದೀಪಾವಳಿಗೆ ಇನಾಮೂ ಸಿಕ್ಕಿತು. ಊರಿಗೆ ಹೋದಾಗ ಗೆಳೆಯರು “ಏನ್ ಕೆಲಸಲೇ?” ಅಂದರೆ, “ಸೋಲಾಕ ಪಗಾರ ಕೊಡ್ತಾರ” ಅಂತಿದ್ದೆ. ಬಿದ್ದು ಬಿದ್ದು ನಗುತ್ತಿದ್ದರು.

ಸಂಜೆ ಕೋರ್ಟ್ ಖಾಲಿಯಾದ ಮೇಲೆ ಮುದುಕ ಕಥೆ ಹೇಳುತ್ತಿದ್ದ. ಪೇಶಾವರದ ಹಾಶಿಮ್ ಖಾನ್ ಕಥೆ. ಅಪ್ಪ ಬ್ರಿಟಿಷ್ ಅಧಿಕಾರಿಗಳ ಕ್ಲಬ್ಬಿನಲ್ಲಿ ನೌಕರ. ಅಲ್ಲಿಯ ಕೋರ್ಟಿಗೆ ಮೇಲ್ಛಾವಣಿ ಇರಲಿಲ್ಲ. ಹೊರಗೆ ಹಾರಿ ಬಿದ್ದ ಚೆಂಡು ಆರಿಸಿ ತರುವುದು ಹುಡುಗ ಹಾಶಿಮನ ಕೆಲಸ. ಸಾಹೇಬರು ಬಿಸಿಲಿಗೆ ಒಳಗೆ ಹೋದ ಮೇಲೆ ಬರಿಗಾಲಲ್ಲಿ ಒಬ್ಬನೇ ಆಡಿ ಕಲಿತ. ಮುಂದೆ ಅವನೂ ಮಾರ್ಕರನೇ ಆದ. 1951ರಲ್ಲಿ, ಮೂವತ್ತೈದು ದಾಟಿದ ವಯಸ್ಸಿನಲ್ಲಿ, ಲಂಡನ್ನಿಗೆ ಹೋಗಿ ಬ್ರಿಟಿಷ್ ಓಪನ್ ಗೆದ್ದೇಬಿಟ್ಟ! ಫೈನಲಿನಲ್ಲಿ ಈಜಿಪ್ಟಿನ ಮಹಮೂದ್ ಕರೀಮ್‌ಗೆ ಸಿಕ್ಕಿದ್ದು ಒಟ್ಟು ಐದೇ ಪಾಯಿಂಟು. ಆಮೇಲೆ ಮತ್ತೆ ಆರು ಸಲ ಗೆದ್ದ. ಯಾವ ನಿರ್ಮಾಪಕನಿಗೂ ಇಂಥ ಕಥೆ ಹೊಳೆಯಲಿಕ್ಕಿಲ್ಲ, ಏನಂತೀರಿ?

ನಾನಿದ್ದ ಕಾಲದಲ್ಲಿ ಜಹಾಂಗೀರ್ ಖಾನ್ ಮೆರೆಯುತ್ತಿದ್ದರು. 1981ರಿಂದ ಸತತ 555 ಪಂದ್ಯ ಗೆದ್ದರೆಂಬ ದಾಖಲೆ ಅವರದು. 1986ರ ನವೆಂಬರಿನಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ನ್ಯೂಜಿಲೆಂಡಿನ ರಾಸ್ ನಾರ್ಮನ್ ಅವರನ್ನು ಸೋಲಿಸಿದಾಗ ನಮ್ಮ ಮುದುಕ ಒಂದು ಹೊತ್ತು ಊಟ ಬಿಟ್ಟ. “ಸೋತ್ರೂ ನಿಜವಾಗಿ ಸೋತ ಕಣೋ” ಎಂದ. ಆ ‘ನಿಜವಾಗಿ’ ಎಂಬ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತು.

1988. ವಿಲಾಯತಿಯಲ್ಲಿ ಓದಿ ಬಂದ ಒಬ್ಬ ಯುವಕ ಮೆಂಬರ್ ನನ್ನೆದುರು ಆಡಲು ಬಂದ. ಎರಡು ಆಟ 9-7, 9-7 ಗೆದ್ದ. ರ‍್ಯಾಕೆಟ್ ಕೆಳಗಿಟ್ಟು, “ನೀನು ಬೇಕಂತಲೇ ಬಿಡ್ತಿದ್ದೀಯ. ಈಗ ನಿಜವಾಗ್ಲೂ ಆಡು” ಅಂದ.

“ಸರ್, ನಿಕಾಲಿ ಏನ್ರೀ?” ಅಂದೆ. ಅವನಿಗೆ ತಿಳಿಯಲಿಲ್ಲ. ನಮ್ಮ ಕಡೆಯ ಜಾತ್ರೆಯಲ್ಲಿ ಕುಸ್ತಿ ಮೈದಾನ ನೋಡಿದವರಿಗೆ ಗೊತ್ತು. ನಿಕಾಲಿ ಕುಸ್ತಿ ಅಂದರೆ ಸಮ-ಸಮ ಇಲ್ಲ. ಒಬ್ಬನ ಬೆನ್ನು ಮಣ್ಣಿಗೆ ಹತ್ತಲೇಬೇಕು.

ಆಡಿದೆ. 9-4, 9-2, 9-1. ಮೇಲಿನ ಗ್ಯಾಲರಿಯಲ್ಲಿ, ಅದೇ ನಮ್ಮ ಟಾಕೀಸಿನ ಬಾಲ್ಕನಿ ಇದ್ದಂತೆ, ಏಳೆಂಟು ಮಂದಿ ಸಾಹೇಬರು ಕೂತಿದ್ದರು. ಚಪ್ಪಾಳೆ ಇಲ್ಲ, ಮಾತಿಲ್ಲ. ಸೋತ ಯುವಕ ಮಾತ್ರ ಕೈ ಕುಲುಕಿ ನಕ್ಕ. ಮೂರನೇ ದಿನ ಆಫೀಸಿಗೆ ಕರೆದು ನನ್ನ ಲೆಕ್ಕ ಚುಕ್ತಾ ಮಾಡಿದರು. “ನಿನ್ನ ಜೊತೆ ಆಡೋಕೆ ಮೆಂಬರ್‌ಗಳಿಗೆ ಇಷ್ಟ ಇಲ್ಲ” ಎಂದಷ್ಟೇ ಕಾರಣ. ಬೇಜಾರಾಯಿತೇ ಅಂತೀರಾ? ಪಗಾರ ಹೋಯಿತೆಂದು ಆಯಿತು. ಆದರೆ ಆ ಇಪ್ಪತ್ತೈದು ನಿಮಿಷ ನಾನು ಯಾರ ಆಳೂ ಅಲ್ಲ! ಆ ನಿಮಿಷಗಳನ್ನು ಯಾವ ಆಫೀಸೂ ಚುಕ್ತಾ ಮಾಡಲಾರದು.

ಅಥಣಿಗೆ ಬಂದು ಚಪ್ಪಲಿ ಅಂಗಡಿ ಇಟ್ಟೆ. ಸ್ಕ್ವಾಷ್ ಮರೆಯಲಿಲ್ಲ. ಪೇಪರ್ ಬಂದರೆ ಮೊದಲು ಸಿನಿಮಾ ಪುಟ, ಆಮೇಲೆ ಆಟದ ಪುಟದ ಮೂಲೆ. 2000ದಲ್ಲಿ ಒಂದು ಹೆಸರು ಸಿಕ್ಕಿತು: ಜೋಷ್ನಾ ಚಿಣ್ಣಪ್ಪ. ನಮ್ಮ ಕೊಡಗಿನ ಮನೆತನದ ಹುಡುಗಿ, ಹುಟ್ಟಿ ಬೆಳೆದದ್ದು ಚೆನ್ನೈನಲ್ಲಿ. ತಂದೆ ಅಂಜನ್ ಚಿಣ್ಣಪ್ಪ ತಮಿಳುನಾಡಿನ ಪರ ಸ್ಕ್ವಾಷ್ ಆಡಿದವರು. ಹದಿನಾಲ್ಕರ ಹರೆಯದಲ್ಲೇ ಈ ಹುಡುಗಿ ರಾಷ್ಟ್ರೀಯ ಚಾಂಪಿಯನ್! ಅಂದಿನಿಂದ ನಾನು ಅವರ ಅಭಿಮಾನಿ. ನೀವು ನಿಮ್ಮ ಹೀರೋನ ಚಿತ್ರ ಕತ್ತರಿಸಿ ಇಡುವಂತೆ ನಾನು ಅವರ ಸುದ್ದಿ ಕತ್ತರಿಸಿ ಇಟ್ಟಿದ್ದೇನೆ.

ಆ ಕಟ್ಟು ಬಿಚ್ಚಿದರೆ ಒಬ್ಬ ಪ್ರೊಫೆಷನಲ್ ಆಟಗಾರ್ತಿಯ ಬದುಕೇ ಕಾಣುತ್ತದೆ. 2003ರಲ್ಲಿ ಬ್ರಿಟಿಷ್ ಜೂನಿಯರ್ ಓಪನ್‌ನ 17ರೊಳಗಿನವರ ಪ್ರಶಸ್ತಿ. 2005ರಲ್ಲಿ 19ರೊಳಗಿನವರದು. ಅದೇ ವರ್ಷ ವಿಶ್ವ ಜೂನಿಯರ್ ಫೈನಲ್, ಅಲ್ಲಿ ಈಜಿಪ್ಟಿನ ರನೀಮ್ ಎದುರು ಸೋಲು. ಇಲ್ಲಿಯವರೆಗೆ ಸಿನಿಮಾದ ಮೊದಲ ರೀಲು. ಆಮೇಲೆ ದೊಡ್ಡವರ ಟೂರು. ಇಂದು ಒಂದು ದೇಶ, ಮುಂದಿನ ವಾರ ಇನ್ನೊಂದು. ಮೊದಲ ಸುತ್ತಿನಲ್ಲಿ ಸೋತರೆ ಕೈಗೆ ಬರುವುದು ಕಮ್ಮಿ, ವಿಮಾನದ ಚಾರ್ಜು ಮಾತ್ರ ಅಷ್ಟೇ! ಪ್ರಾಯೋಜಕರು ಇದ್ದರೆ ಬದುಕು. ಜೋಷ್ನಾಗೆ ಮಿತ್ತಲ್ ಚಾಂಪಿಯನ್ಸ್ ಟ್ರಸ್ಟಿನ ನೆರವು ಸಿಕ್ಕಿತು. ಎಲ್ಲರಿಗೂ ಸಿಗುವಂಥದಲ್ಲ ಅದು. 2011ರಲ್ಲಿ ಮೊಣಕಾಲು ಕೈಕೊಟ್ಟಿತು. ಸ್ಕ್ವಾಷ್‌ನಲ್ಲಿ ಮೊಣಕಾಲು ಹೋಯಿತೆಂದರೆ ಗಾಯಕನಿಗೆ ಗಂಟಲು ಹೋದಂತೆ. ತಿಂಗಳುಗಟ್ಟಲೆ ಕೂತು, ಮತ್ತೆ ನಡೆಯುವುದರಿಂದ ಶುರುಮಾಡಿ ಎದ್ದು ಬಂದರು.

2014ರ ಆಗಸ್ಟ್ 2. ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟ. ಡಬಲ್ಸ್ ಫೈನಲಿನಲ್ಲಿ ಜೋಷ್ನಾ ಮತ್ತು ದೀಪಿಕಾ ಪಳ್ಳಿಕಲ್ ಜೋಡಿ. ಎದುರಿಗೆ ಇಂಗ್ಲೆಂಡಿನ ಜೆನ್ನಿ ಡಂಕಾಫ್, ಲಾರಾ ಮಸ್ಸಾರೊ. ಇಂಗ್ಲಿಷರ ಆಟದಲ್ಲಿ ಇಂಗ್ಲಿಷರನ್ನೇ 11-6, 11-8ಕ್ಕೆ ಸೋಲಿಸಿ ಚಿನ್ನ! ಕಾಮನ್‌ವೆಲ್ತ್ ಸ್ಕ್ವಾಷ್‌ನಲ್ಲಿ ಭಾರತಕ್ಕೆ ಅದೇ ಮೊದಲ ಪದಕ, ಅದೂ ಬಂಗಾರದ್ದು. ಅಂಗಡಿಯಲ್ಲಿ ಪೇಢೆ ಹಂಚಿದೆ. “ಯಾರ ಮದುವಿ?” ಅಂತ ಗಿರಾಕಿಗಳು ಕೇಳಿದರು.

ಈ ದೀಪಿಕಾ ಪಳ್ಳಿಕಲ್ ಇನ್ನೊಂದು ಕೆಲಸ ಮಾಡಿದರು. ಗಂಡಸರಿಗೆ ಹೆಚ್ಚು ಬಹುಮಾನ, ಹೆಂಗಸರಿಗೆ ಕಡಿಮೆ ಎಂಬ ಕಾರಣಕ್ಕೆ ಕೆಲವು ವರ್ಷ ರಾಷ್ಟ್ರೀಯ ಪಂದ್ಯಾವಳಿಗೇ ಕಾಲಿಡಲಿಲ್ಲ. 2016ರಲ್ಲಿ ಬಹುಮಾನ ಸಮ ಆದ ಮೇಲೇ ಮರಳಿದರು. ಹೀರೋಗೆ ಎಷ್ಟು, ಹೀರೋಯಿನ್‌ಗೆ ಎಷ್ಟು ಎಂಬ ಜಗಳ ಗಾಂಧಿನಗರಕ್ಕೆ ಹೊಸದಲ್ಲವಲ್ಲ?

ಜೋಷ್ನಾ 2016ರಲ್ಲಿ ವಿಶ್ವದ ಮೊದಲ ಹತ್ತರೊಳಗೆ ಬಂದರು. 2017ರಲ್ಲಿ ಏಷ್ಯಾ ಚಾಂಪಿಯನ್, 2019ರಲ್ಲಿ ಮತ್ತೊಮ್ಮೆ. 2018ರಲ್ಲಿ ಈಜಿಪ್ಟಿನ ಎಲ್ ಗೌನಾದಲ್ಲಿ, ಎಂಟು ಸಲ ವಿಶ್ವ ಚಾಂಪಿಯನ್ ಆಗಿದ್ದ ಮಲೇಷ್ಯಾದ ನಿಕೋಲ್ ಡೇವಿಡ್ ಅವರನ್ನೇ ಸೋಲಿಸಿದರು. 2019ರಲ್ಲಿ 17ನೇ ರಾಷ್ಟ್ರೀಯ ಪ್ರಶಸ್ತಿ ಗೆದ್ದು ಭುವನೇಶ್ವರಿ ಕುಮಾರಿಯವರ 16ರ ಹಳೆಯ ದಾಖಲೆ ಮುರಿದರು. 2024ರಲ್ಲಿ ಪದ್ಮಶ್ರೀ. 2025ರ ಡಿಸೆಂಬರಿನಲ್ಲಿ ಚೆನ್ನೈಯ ಒಂದು ಮಾಲ್‌ನಲ್ಲಿ ಗಾಜಿನ ಕೋರ್ಟು ನಿಲ್ಲಿಸಿ ವಿಶ್ವಕಪ್ ನಡೆಸಿದಾಗ ಭಾರತ ತಂಡ ಹಾಂಗ್‌ಕಾಂಗ್ ತಂಡವನ್ನು ಸೋಲಿಸಿ ಗೆದ್ದಿತು. ತಂಡದಲ್ಲಿ 39ರ ಜೋಷ್ನಾ ಇದ್ದರು. ಜೊತೆಗೆ ಹದಿನೇಳರ ಅನಾಹತ್ ಸಿಂಗ್! ಮೊಮ್ಮಕ್ಕಳ ಕಾಲದ ಹೀರೋಯಿನ್ ಜೊತೆ ಅಣ್ಣಾವ್ರು ಹೆಜ್ಜೆ ಹಾಕಿದಂತೆ ಅಂದುಕೊಳ್ಳಿ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ? ಕಾರಣವಿದೆ. ನಮ್ಮ ಅಕ್ಕನ ಮೊಮ್ಮಗಳಿಗೆ ಈಗ ಹದಿಮೂರು. ತಾಲೀಮಿನಲ್ಲಿ ಹುಡುಗರ ಜೊತೆ ಕುಸ್ತಿ ಹಿಡಿಯುತ್ತಾಳೆ. ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಿದ್ದಾಳೆ. ಅವಳಪ್ಪ ಕಾಗದ ಹಿಡಿದುಕೊಂಡು ಅಂಗಡಿಗೆ ಬಂದ.

“ಮಾಮಾ, ನೀವು ಆಟದ ಮಂದ್ಯಾಗ ಇದ್ದಾವ್ರು. ಇದರಾಗ ಹೊಟ್ಟಿ ತುಂಬತೈತೇನ್ರೀ? ಸೋತ್ರ ಗತಿ ಏನು?”

ಬಿಲ್ ಪುಸ್ತಕದ ಹಿಂದೆ ಲೆಕ್ಕ ಬರೆದು ತೋರಿಸಿದೆ. “ನೋಡಪಾ, ಒಂದು ಟೂರ್ನಿಮೆಂಟಿಗೆ 32 ಮಂದಿ ಬರ್ತಾರ. 31 ಮಂದಿ ಸೋತ ಮನಿಗಿ ಹೋಗ್ತಾರ. ಗೆದ್ದಾಕೀನೂ ಮುಂದಿನ ವಾರ ಸೋಲಬಹುದು. ಜೋಷ್ನಾನೂ ಎಷ್ಟ ಸಲ ಸೋತಾಳ. ಸೋಲು ಈ ಕಸುಬಿನ ದಿನದ ರೊಟ್ಟಿ. ಮೊಣಕಾಲು ಮುರೀತೈತಿ, ರೊಕ್ಕ ಸಾಲಾಂಗಿಲ್ಲ, ಸಾಲಿ ಹಿಂದ ಬೀಳ್ತೈತಿ. ಸಾಲಿ ಮಾತ್ರ ಬಿಡಿಸಬ್ಯಾಡ. ಇಷ್ಟೆಲ್ಲಾ ಖರೆ.”

“ಮತ್ತ ಕಳಸಬ್ಯಾಡ ಅಂತೀರೇನು?”

“ಹಂಗಲ್ಲ. ನಾನೂ ಮೂರು ವರ್ಷ ಸೋತೆ. ಆದ್ರ ನನ್ನ ಸೋಲು ನಾನು ಕೋರ್ಟಿಗೆ ಕಾಲಿಡೂಕಿಂತ ಮೊದಲ ಮಾರಾಟ ಆಗಿತ್ತು. ಈಕಿ ಸೋಲು ಈಕೀದ. ತನ್ನ ಸೋಲು ತಾನು ಸೋಲಾವ ಒಂದಿಲ್ಲೊಂದು ದಿನ ತನ್ನ ಗೆಲುವು ತಾನು ಗೆಲ್ತಾನ. ಕಳಸು.”

ಅವನು ಏನೂ ಹೇಳಲಿಲ್ಲ. ಕಾಗದ ಮಡಿಚಿ ಜೇಬಿನಲ್ಲಿಟ್ಟುಕೊಂಡು ಹೋದ. ಹೋದ ವಾರ ಹುಡುಗಿಯೇ ಫೋನ್ ಮಾಡಿದ್ದಳು, ಹಾಸ್ಟೆಲಿನಿಂದ. “ಅಜ್ಜಾ, ಇಲ್ಲಿ ಎಲ್ಲಾರೂ ನನಗಿಂತ ಜೋರದಾರ” ಅಂದಳು. ದನಿಯಲ್ಲಿ ಅಳು ಇರಲಿಲ್ಲ.

ಕೊನೆಗೆ ಸಿನಿಮಾ ಮಂದಿಗೇ ಖುಷಿಯಾಗುವ ಒಂದು ಸುದ್ದಿ ಹೇಳಿ ಮುಗಿಸುತ್ತೇನೆ. ಎಷ್ಟು ವರ್ಷ ಬೇಡಿದರೂ ಸ್ಕ್ವಾಷ್‌ಗೆ ಒಲಿಂಪಿಕ್ಸ್ ಬಾಗಿಲು ತೆರೆದಿರಲಿಲ್ಲ. 2023ರ ಅಕ್ಟೋಬರಿನಲ್ಲಿ ನಮ್ಮ ಮುಂಬೈಯಲ್ಲೇ ನಡೆದ ಸಭೆಯಲ್ಲಿ ಒಪ್ಪಿಗೆ ಸಿಕ್ಕಿತು. 2028ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೊದಲ ಒಲಿಂಪಿಕ್ ಸ್ಕ್ವಾಷ್. ಜಾಗ ಯಾವುದು ಗೊತ್ತೇ? ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋ! ಗೇಟಿನ ಹೊರಗೆ ನಿಂತ ಹುಡುಗನಿಗೆ ಒಳಗೆ ಹೋಗಲು ಆಗಲಿಲ್ಲ, ಅವನ ಆಟ ಹೋಗುತ್ತಿದೆ.

ಅಂದು ನಿದ್ದೆಗೆಟ್ಟು ಟಿ.ವಿ. ಹಾಕಿ ಮಿತ್ರರೇ. ಅಲ್ಲಿ ಡ್ಯೂಪ್ ಇಲ್ಲ, ರೀಟೇಕ್ ಇಲ್ಲ. ಗೆದ್ದವರಿಗೆ ಸೀಟಿ ಹೊಡೆಯಿರಿ. ಜೊತೆಗೆ ಸೋತವರ ಹೆಸರನ್ನೂ ಒಮ್ಮೆ ಓದಿಕೊಳ್ಳಿ. ಅಷ್ಟು ಮಾಡಿದರೆ ಸಾಕು, ಈ ಹಳೇ ಮಾರ್ಕರನಿಗೆ ದೀಪಾವಳಿ ಇನಾಮು ಬಂದಂತೆ!